ಅಂಬೇಡ್ಕರ್ ಅವರ ಸ್ವಾತಂತ್ರ್ಯ ಚಿಂತನೆ: ಸಂವಿಧಾನ ಸಭೆಯ ನಡಾವಳಿಯಲ್ಲಿ ಓದುವ ಬಗೆ

ಸಭೆಯಲ್ಲಿ ಅಂಬೇಡ್ಕರ್ ಮಾತಾಡಿದ ಮೂರು ದಿನಾಂಕ ಗುರುತು ಹಾಕಿಕೊಳ್ಳಿ: 1948ರ ನವೆಂಬರ್ 4 ಮತ್ತು ಡಿಸೆಂಬರ್ 9, 1949ರ ನವೆಂಬರ್ 25. ಮೊದಲೆರಡು ನಡಾವಳಿಯ 7ನೇ ಸಂಪುಟದಲ್ಲಿವೆ, ಕೊನೆಯದು 11ನೆಯದರಲ್ಲಿ.

ಡಿಸೆಂಬರ್ 9ರಿಂದಲೇ ಶುರುಮಾಡಿ. ಇಡೀ ಸಂವಿಧಾನದ ಆತ್ಮ, ಹೃದಯ ಎಂದು ಅಂಬೇಡ್ಕರ್ ಅಂದು ಕರೆದದ್ದು 25ನೇ ವಿಧಿಯನ್ನು. ಬಹಳ ಜನ ಎಡವುವುದು ಇಲ್ಲೇ. ಅದು ಕರಡಿನ ಸಂಖ್ಯೆ; ಈಗಿನ ಸಂವಿಧಾನದಲ್ಲಿ ಅದು 32ನೇ ವಿಧಿ. ಈಗಿನ 25 ಧಾರ್ಮಿಕ ಸ್ವಾತಂತ್ರ್ಯದ್ದು. ಹಾಗಾಗಿ ಕರಡನ್ನೂ ಈಗಿನ ಪಠ್ಯವನ್ನೂ ಅಕ್ಕಪಕ್ಕ ಇಟ್ಟುಕೊಂಡೇ ಓದಬೇಕು: ಕರಡಿನ 13 ಈಗ 19 (ವಾಕ್ ಮೊದಲಾದ ಸ್ವಾತಂತ್ರ್ಯಗಳು), 15 ಈಗ 21 (ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯ).

ಹಕ್ಕು ಕಸಿದರೆ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗುವ ದಾರಿ ಇರಲೇಬೇಕು, ಇಲ್ಲದಿದ್ದರೆ ಹಕ್ಕು ಬರೀ ಕಾಗದ. ಅವರ ವಾದದ ತಿರುಳು ಇದು. ಆದರೆ ಅದೇ ವಿಧಿಯ 4ನೇ ಉಪವಿಧಿಯನ್ನು ಬಿಡಬೇಡಿ. ತುರ್ತು ಪರಿಸ್ಥಿತಿಯಲ್ಲಿ ಹಕ್ಕನ್ನು ಅಮಾನತಿನಲ್ಲಿಡಲು ಅಲ್ಲೇ ಬಾಗಿಲಿದೆ. 1978ರ 44ನೇ ತಿದ್ದುಪಡಿ 20 (ಅಪರಾಧ, ಶಿಕ್ಷೆಯ ವಿಷಯದಲ್ಲಿ ರಕ್ಷಣೆ) ಮತ್ತು 21ನೇ ವಿಧಿಗಳನ್ನು ಈ ಅಮಾನತಿನಿಂದ ಹೊರಗಿಟ್ಟಿತು.

ನವೆಂಬರ್ 4ರಲ್ಲಿ ‘ಸಾಂವಿಧಾನಿಕ ನೈತಿಕತೆ’ಯ ಭಾಗ ಸಾಕು; ಅಂದರೆ ಸಂವಿಧಾನದ ರೀತಿನೀತಿಗಳಿಗೆ ತೋರುವ ಗೌರವ. 1949ರ ಭಾಷಣವನ್ನು ಮಾತ್ರ ಪೂರ್ತಿ ಓದಿ. ಎಷ್ಟೇ ದೊಡ್ಡ ನಾಯಕನಾದರೂ ಅವನ ಪಾದಕ್ಕೆ ಸ್ವಾತಂತ್ರ್ಯ ಒಪ್ಪಿಸಬಾರದೆಂಬ ಎಚ್ಚರಿಕೆ ಅಲ್ಲಿ ಬರುತ್ತದೆ, ಆದರೆ ಅದು ಅಂಬೇಡ್ಕರ್ ಉದ್ಧರಿಸಿದ ಇಂಗ್ಲಿಷ್ ಚಿಂತಕ ಜಾನ್ ಸ್ಟುವರ್ಟ್ ಮಿಲ್‌ರದು. ರಾಜಕೀಯದ ಭಕ್ತಿ ಸರ್ವಾಧಿಕಾರಕ್ಕೆ ಒಯ್ಯುತ್ತದೆಂಬ ಮಾತು ಅಂಬೇಡ್ಕರ್ ಅವರದೇ. ಉಲ್ಲೇಖಿಸುವಾಗ ಎರಡನ್ನೂ ಬೆರೆಸಬೇಡಿ.