ಆಲೆಮನೆಯ ಒಂದು ನಿಮಿಷ: ಗೇಮ್ ಎಂಜಿನ್‌ನಲ್ಲಿ ಸಿನಿಮಾ ಮಾಡುವುದು ಹೇಗೆ?

ಮೈಸೂರಿನ ಸರಸ್ವತಿಪುರಂನಲ್ಲಿ ಭಾನುವಾರ ಒಂದಷ್ಟು ಹುಡುಗ ಹುಡುಗಿಯರಿಗೆ ಅನಿಮೇಷನ್ ಹೇಳಿಕೊಡುತ್ತೇನೆ. ಎಲ್ಲರ ಮೊದಲ ಚಿತ್ರವೂ ಒಂದೇ ಥರ ಶುರುವಾಗುತ್ತದೆ. ಕ್ಯಾಮೆರಾ ಹದ್ದಿನ ಹಾಗೆ ಆಕಾಶದಿಂದ ಇಳಿದು, ತೆಂಗಿನ ಮರಗಳ ನಡುವೆ ನುಸುಳಿ, ಗೋಡೆ ತೂರಿಕೊಂಡು ಬಂದು ನಾಯಕನ ಮೂಗಿನ ಮುಂದೆ ನಿಲ್ಲುತ್ತದೆ. ಮಾಡಿದವರಿಗೆ ಖುಷಿಯೋ ಖುಷಿ. ನೋಡುವವರಿಗೆ ಯಾರೋ ಗೇಮ್ ಆಡ್ತಿದ್ದಾರೆ ಅನ್ನಿಸುತ್ತದೆ, ಅಷ್ಟೇ.

ಅದಕ್ಕೇ ಈ ಲೇಖನ. ಉದಾಹರಣೆಗೆ ಒಂದು ನಿಮಿಷದ ದೃಶ್ಯ ಇಟ್ಟುಕೊಳ್ಳೋಣ. ಮಂಡ್ಯ ಕಡೆಯ ಆಲೆಮನೆ, ಬೆಳಗಿನ ಜಾವ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿದೆ. ಅಜ್ಜ ಒಲೆಗೆ ಒಣಗಿದ ಕಬ್ಬಿನ ಸಿಪ್ಪೆ ತಳ್ಳುತ್ತಿದ್ದಾನೆ.

1. ಸಾಮಾನು ಜೋಡಿಸಿ. ಅನ್‌ರಿಯಲ್ ಎಂಜಿನ್ 5 ಇಳಿಸಿಕೊಳ್ಳಿ. ಇದೊಂದು ಗೇಮ್ ಎಂಜಿನ್, ಅಂದರೆ ಗೇಮ್ ಕಟ್ಟುವ ಸಾಫ್ಟ್‌ವೇರ್. ಮನೆಯಲ್ಲಿ ಕೂತು ಕಲಿಯುವವರಿಗೆ ಉಚಿತ. ಕಂಪ್ಯೂಟರ್‌ನಲ್ಲಿ 32 ಜಿಬಿ ರ‍್ಯಾಮ್, 8 ಜಿಬಿ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಆರಾಮು.

2. ಸೆಟ್ ಕಟ್ಟಿ. ಇಲ್ಲಿ ಒಂದು ಯೂನಿಟ್ ಅಂದರೆ ಒಂದು ಸೆಂಟಿಮೀಟರ್. ಬಾಗಿಲು 200, ಕಬ್ಬು 300. ಅಳತೆ ತಪ್ಪಿದರೆ ಮುಂದೆ ಲೆನ್ಸ್ ಲೆಕ್ಕವೆಲ್ಲ ತಪ್ಪುತ್ತದೆ. ಬೆಳಕಿಗೆ ಸನ್‌ಸ್ಕೈ (ಊರು, ಹೊತ್ತು ನೋಡಿ ಸೂರ್ಯನನ್ನು ಕೂರಿಸುವ ಸಾಧನ) ಹಾಕಿ, ಅಕ್ಷಾಂಶ 12.5, ರೇಖಾಂಶ 76.9, ಟೈಮ್ ಝೋನ್ 5.5 ಕೊಡಿ. ಮಂಡ್ಯದ ಸೂರ್ಯನೇ ಬರುತ್ತಾನೆ. ಡೇಲೈಟ್ ಸೇವಿಂಗ್‌ಗೆ (ಬೇಸಿಗೆಯಲ್ಲಿ ಗಡಿಯಾರ ಮುಂದಿಡುವ ಪದ್ಧತಿ, ನಮ್ಮಲ್ಲಿಲ್ಲ) ಟಿಕ್ ಇದ್ದರೆ ತೆಗೆಯಿರಿ. ಸಿದ್ಧ ಮಾಡೆಲ್‌ಗಳ ದೊಡ್ಡ ಪ್ಯಾಕ್ ದುಡ್ಡು ಕೊಟ್ಟು ತರಬೇಡಿ. ನಾನು ತಂದು ಕೆಟ್ಟಿದ್ದೇನೆ. ಬಿಚ್ಚಿ ನೋಡಿದರೆ ತುಂಬಾ ಓಕ್ ಮರ, ಕುದುರೆ ಲಾಯ. ಒಂದು ತೆಂಗಿನ ಮರವಿಲ್ಲ.

3. ಅಜ್ಜನನ್ನು ಕರೆತನ್ನಿ. ಮೊದಲ ಚಿತ್ರಕ್ಕೆ ಮಿಕ್ಸಾಮೊ ಎಂಬ ವೆಬ್‌ಸೈಟ್‌ನಲ್ಲಿ ಸಿಗುವ ಉಚಿತ ಚಲನೆಗಳೇ ಸಾಕು.

4. ಸೀಕ್ವೆನ್ಸರ್ ತೆರೆಯಿರಿ. ಶಾಟ್‌ಗಳನ್ನು ಹೊತ್ತಿನ ಪ್ರಕಾರ ಜೋಡಿಸುವ ಪಟ್ಟಿ ಇದು. ಸೆಕೆಂಡಿಗೆ 30 ಫ್ರೇಮ್ ಎಂದಿರುತ್ತದೆ. ಒಂದೇ ಒಂದು ಕೀ (ಈ ಫ್ರೇಮ್‌ನಲ್ಲಿ ಇದು ಇಲ್ಲಿರಬೇಕು ಎಂಬ ಗುರುತು) ಹಾಕುವ ಮುಂಚೆಯೇ 24 ಮಾಡಿ.

5. ಈಗ ಕ್ಯಾಮೆರಾ. ಎಲ್ಲರೂ ಜಾರಿ ಬೀಳುವುದು ಇಲ್ಲೇ. ಮಾಮೂಲಿ ಕ್ಯಾಮೆರಾ ಬೇಡ, ಸಿನಿ ಕ್ಯಾಮೆರಾ ಆಕ್ಟರ್ ಇಡಿ. ಇಡುವ ಮುಂಚೆ ಯೋಚನೆ ಮಾಡಿ: ಆಲೆಮನೆಗೆ ನಿಜವಾಗಲೂ ಒಬ್ಬ ಕ್ಯಾಮೆರಾ ಹಿಡಿದು ಬಂದಿದ್ದರೆ ಎಲ್ಲಿ ನಿಲ್ಲುತ್ತಿದ್ದ? ಒಲೆಯ ಬಾಯಲ್ಲಂತೂ ಅಲ್ಲ, ಬಿಸಿ ತಡೆಯೋಕಾಗಲ್ಲ. ಕಂಬಕ್ಕೆ ಒರಗಿ ನಿಲ್ಲುತ್ತಿದ್ದ. ಸರಿ, ಅಲ್ಲೇ ಇಡಿ. ನಿಂತವನ ಕಣ್ಣೆತ್ತರ ಬೇಕಾದರೆ 150, ಕುಕ್ಕರಗಾಲಲ್ಲಿ ಕೂತವನದಾದರೆ 80.

ಲೆನ್ಸ್ ಮೂರೇ ಸಾಕು. ಇಡೀ ಆಲೆಮನೆಗೆ 24 ಮಿಲಿಮೀಟರ್, ಅಜ್ಜ ಮತ್ತು ಕೊಪ್ಪರಿಗೆ ಇಬ್ಬರೂ ಕಾಣಬೇಕಾದರೆ 35, ಮುಖಕ್ಕೆ 85. ಮುಖದ ಹತ್ತಿರ 18 ಹಾಕಿದರೆ ಅಜ್ಜನ ಮೂಗು ಬದನೆಕಾಯಿ ಆಗುತ್ತದೆ.

ಆಮೇಲೆ ಫೋಕಸ್. ಹೊಸ ಸಿನಿ ಕ್ಯಾಮೆರಾದ ಫೋಕಸ್ ದೂರ 1,00,000 ಎಂದಿರುತ್ತದೆ. ಅಂದರೆ ಒಂದು ಕಿಲೋಮೀಟರ್! ಅಪರ್ಚರ್ (ಲೆನ್ಸ್ ಬಾಯಿಯ ಅಗಲ) ಬೇರೆ 2.8, ಅಂದರೆ ಫೋಕಸ್‌ನಿಂದ ಆಚೀಚೆ ಇರುವುದು ಮಸುಕು. ಅಜ್ಜನ ಮುಖ ಮಸುಕು, ಆಚೆಯ ಕಬ್ಬಿನ ಗದ್ದೆ ಸ್ಪಷ್ಟ. ಹುಡುಗರು ಗ್ರಾಫಿಕ್ಸ್ ಕಾರ್ಡ್ ಬೈಯುತ್ತಾ ಕೂರುತ್ತಾರೆ. ಫೋಕಸ್ ಸೆಟ್ಟಿಂಗ್‌ನಲ್ಲಿ ಡೀಬಗ್ ಫೋಕಸ್ ಪ್ಲೇನ್ ಎಂಬುದಿದೆ, ಟಿಕ್ ಮಾಡಿ. ಬಣ್ಣದ ಪರದೆಯೊಂದು ಕಾಣುತ್ತದೆ. ದೂರದ ಅಂಕಿ ಇಳಿಸುತ್ತಾ ಅದನ್ನು ಅಜ್ಜನ ಕಣ್ಣಿಗೆ ತಾಗಿಸಿ, ಟಿಕ್ ತೆಗೆಯಿರಿ.

ಚಲನೆಗೆ ನನ್ನದು ಒಂದೇ ನಿಯಮ: ಒಂದು ಶಾಟ್‌ಗೆ ಎರಡೇ ಕೀ. ಐದು ಸೆಕೆಂಡಿನ ಶಾಟ್ ಅಂದರೆ 120 ಫ್ರೇಮ್. ಮೊದಲ ಕೀ 12ರಲ್ಲಿ, ಎರಡನೆಯದು 108ರಲ್ಲಿ. ಆಚೆ ಈಚೆ ಅರ್ಧರ್ಧ ಸೆಕೆಂಡ್ ಕ್ಯಾಮೆರಾ ಸುಮ್ನೆ ನಿಲ್ಲಬೇಕು. ಸರಿಯುವುದೂ ಒಂದು ಮೊಳ ಸಾಕು. ಮೂರನೇ ಕೀ ಯಾಕೆ ಅಂತ ನಾನು ಕೇಳಿದರೆ ನಿಮ್ಮ ಹತ್ತಿರ ಉತ್ತರ ಇರಬೇಕು.

ಜಾರಿ ಬೀಳುವ ಇನ್ನೊಂದು ಹೊಂಡ ಇದೆ. ಕ್ಯಾಮೆರಾ ಒಳಗಿನಿಂದ ನೋಡುತ್ತಿರುವಾಗ ಮೌಸ್ ಆಡಿಸಿದರೆ ಕ್ಯಾಮೆರಾನೇ ಸರಿಯುತ್ತದೆ. ಆಟೋ ಕೀ ಆನ್ ಇದ್ದರೆ ಅದು ದಾಖಲೂ ಆಗುತ್ತದೆ. ಹೋದ ತಿಂಗಳು ಒಬ್ಬಳು ಎರಡು ಗಂಟೆ ಕೂತು ಕೂಡಿಸಿದ ಶಾಟ್, ಬಾಗಿಲ ಹೊರಗೆ ಏನಿದೆ ನೋಡೋಣ ಅಂತ ಚಕ್ರ ತಿರುಗಿಸಿದ್ದಕ್ಕೆ, ಕೊಪ್ಪರಿಗೆಯೊಳಗೆ ಮುಳುಗಿತು. ಕೂಡಿಸಿದ ಕೂಡಲೇ ಸೀಕ್ವೆನ್ಸರ್‌ನಲ್ಲಿ ಆ ಕ್ಯಾಮೆರಾದ ಟ್ರ್ಯಾಕ್‌ಗೆ (ಅದರ ಕೀಗಳಿರುವ ಸಾಲು) ಬೀಗ ಹಾಕಿ.

6. ಎಕ್ಸ್‌ಪೋಷರ್, ಅಂದರೆ ಚಿತ್ರ ಎಷ್ಟು ಬೆಳ್ಳಗೆ ಕಾಣಬೇಕೆಂಬುದನ್ನು, ಕಟ್ಟಿಹಾಕಿ. ಗೇಮ್‌ನಲ್ಲಿ ಬೆಳಕು ತಾನೇ ಹೊಂದಿಕೊಳ್ಳುತ್ತದೆ. ಸಿನಿಮಾಗೆ ಅದು ಶತ್ರು. ಒಲೆಯ ಬೆಂಕಿ ಕಂಡ ತಕ್ಷಣ ಇಡೀ ಆಲೆಮನೆ ಕಪ್ಪಾಗುತ್ತದೆ. ಪೋಸ್ಟ್ ಪ್ರೋಸೆಸ್ ವಾಲ್ಯೂಮ್‌ನಲ್ಲಿ (ಇಡೀ ದೃಶ್ಯದ ಬೆಳಕು, ಬಣ್ಣ ಹೊಂದಿಸುವ ಪೆಟ್ಟಿಗೆ) ಕನಿಷ್ಠ, ಗರಿಷ್ಠ ಇವಿ (ಎಕ್ಸ್‌ಪೋಷರ್‌ನ ಅಳತೆ) ಎರಡಕ್ಕೂ ಒಂದೇ ಅಂಕಿ ಕೊಡಿ. ಯಾವ ಅಂಕಿ ಅಂತ ಕಣ್ಣಳತೆಯಲ್ಲೇ ನೋಡಿಕೊಳ್ಳಿ.

7. ರೆಂಡರ್, ಅಂದರೆ ದೃಶ್ಯವನ್ನು ಚಿತ್ರಗಳಾಗಿ ಹೊರತೆಗೆಯುವುದು. ಪರದೆಯನ್ನೇ ರೆಕಾರ್ಡ್ ಮಾಡಿಬಿಟ್ಟರೆ ಆಗಲ್ವಾ ಸಾರ್ ಅಂತಾರೆ. ಆಗಲ್ಲ. ಅಂಚುಗಳೆಲ್ಲ ಗರಗಸದ ಹಲ್ಲಾಗುತ್ತವೆ. ಮೂವಿ ರೆಂಡರ್ ಕ್ಯೂ ಪ್ಲಗಿನ್ ಆನ್ ಮಾಡಿ. ಅದರಲ್ಲಿರುವ ಜೆಪಿಜಿ ತೆಗೆದು ಪಿಎನ್‌ಜಿ ಹಾಕಿ. ಆ ಹಲ್ಲುಗಳನ್ನು ನಯ ಮಾಡುವ ಆ್ಯಂಟಿ ಏಲಿಯಾಸಿಂಗ್ ಸೇರಿಸಿ, ಟೆಂಪೊರಲ್ ಸ್ಯಾಂಪಲ್ (ಒಂದು ಫ್ರೇಮ್‌ಗೆ ಎಷ್ಟು ಸಲ ಚಿತ್ರ ತೆಗೆದು ಬೆರೆಸಬೇಕೆಂಬುದು) 16 ಇಡಿ. ವಾರ್ಮ್ ಅಪ್ ಫ್ರೇಮ್ (ಚಿತ್ರ ತೆಗೆಯುವ ಮುಂಚೆ ದೃಶ್ಯವನ್ನು ಸುಮ್ನೆ ಓಡಿಸುವ ಫ್ರೇಮ್‌ಗಳು) ಮರೆತರೆ ಮೊದಲ ಫ್ರೇಮ್‌ನಲ್ಲಿ ಕೊಪ್ಪರಿಗೆಯಿಂದ ಹಬೆಯೇ ಎದ್ದಿರುವುದಿಲ್ಲ. ಅದನ್ನು 60 ಮಾಡಿ.

ಒಂದು ನಿಮಿಷಕ್ಕೆ 1,440 ಚಿತ್ರ. ನೇರ ವಿಡಿಯೊ ಮಾಡುವ ಆಸೆ ಬೇಡ. ನಮ್ಮ ಕಡೆ ಕರೆಂಟ್ ಹೇಳಿ ಹೋಗುವುದಿಲ್ಲ. 900ನೇ ಚಿತ್ರದಲ್ಲಿ ಹೋಯಿತು ಅಂದುಕೊಳ್ಳಿ, ವಿಡಿಯೊ ಆದರೆ ಪೂರ್ತಿ ಹೋಯಿತು. ಬಿಡಿ ಚಿತ್ರಗಳಾದರೆ 900ರಿಂದ ಮುಂದುವರಿಸಬಹುದು. ಆಮೇಲೆ ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ 24ರ ವೇಗಕ್ಕೆ ಜೋಡಿಸಿ.

8. ಸದ್ದು. ನೆಟ್‌ನಲ್ಲಿ ಹುಡುಕಬೇಡಿ. ಫೋನ್ ಹಿಡಿದು ಪಾಂಡವಪುರದ ಕಡೆ ಯಾವುದಾದರೂ ಆಲೆಮನೆಗೆ ಹೋಗಿ, ಅಲ್ಲಿಯವರ ಒಪ್ಪಿಗೆ ಕೇಳಿ, ಗಾಣದಿಂದ ನಾಲ್ಕು ಹೆಜ್ಜೆ ದೂರದಲ್ಲಿ ಎರಡು ನಿಮಿಷ ರೆಕಾರ್ಡ್ ಮಾಡಿಕೊಳ್ಳಿ. ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ.