ಅಂಬಿಗನು ‘ಗುರು’ವನ್ನು ‘ಊರು’ ಎಂದುಕೊಂಡಾಗ

ಗಂಗಾವತಿಯ ನಾವು ಮೂವರು ಗೆಳೆಯರು ಪೆನ್‌ಮಶ್ (ಹಲವರು ಒಟ್ಟಿಗೆ ಆಡುವ ಪಠ್ಯಆಟಗಳನ್ನು ನಡೆಸುವ ತಂತ್ರಾಂಶ) ಬಳಸಿ ಕಟ್ಟುತ್ತಿರುವ ಪಠ್ಯಆಟದಲ್ಲಿ, ಆನೆಗೊಂದಿಯ ದಡದಲ್ಲಿ ಹರಿಗೋಲು ಹಾಕುವ ಅಂಬಿಗನೊಬ್ಬನಿದ್ದಾನೆ. ಆಟಗಾರರು ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುತ್ತಾರೆ. ಮಾತಿನಲ್ಲಿ ‘ಊರು’ (uru) ಬಂದರೆ ಅವನು ದಾರಿ ಹೇಳಬೇಕು.

ಮೊದಲು, ಪಠ್ಯವನ್ನು ಹೋಲಿಸಿ ನೋಡುವ ಸ್ಟ್ರ್‌ಮ್ಯಾಚ್ (strmatch) ಫಂಕ್ಷನ್‌ಗೆ ಆ ಪದವನ್ನಷ್ಟೇ ಮಾದರಿಯಾಗಿ ಕೊಟ್ಟಿದ್ದೆ. ಅದು ಇಡೀ ವಾಕ್ಯವನ್ನು ಮಾದರಿಯೊಂದಿಗೆ ಹೋಲಿಸುವುದರಿಂದ, ಒಂಟಿ ಪದ ಬರೆದವರಿಗೆ ಮಾತ್ರ ಉತ್ತರ ಸಿಗುತ್ತಿತ್ತು. ಎರಡೂ ಬದಿಗೆ * ಸೇರಿಸಿದೆ. ಆಗ ‘ಗುರು’ (guru), ‘ಬೆಂಗಳೂರು’ (bengaluru) ಎಂದರೂ ಅಂಬಿಗ ದಾರಿ ಹೇಳತೊಡಗಿದ, ಏಕೆಂದರೆ * ಎಂಬುದು ಎಷ್ಟು ಅಕ್ಷರಗಳಿಗಾದರೂ ಒಪ್ಪುತ್ತದೆ, ಪದದ ಗಡಿ ಅದಕ್ಕೆ ಗೊತ್ತಿಲ್ಲ.

ಪರಿಹಾರ ಸಿಕ್ಕಿದ್ದು ಮ್ಯಾಚ್ ಎಂಬ ಇನ್ನೊಂದು ಫಂಕ್ಷನ್‌ನಲ್ಲಿ. ಅದು ವಾಕ್ಯವನ್ನು ಖಾಲಿ ಜಾಗಗಳಲ್ಲಿ ಬಿಡಿಸಿ ಒಂದೊಂದು ಪದವನ್ನೂ ಬೇರೆಯಾಗಿ ಹೋಲಿಸಿ, ಹೊಂದಿದ ಪದದ ಸ್ಥಾನವನ್ನು, ಇಲ್ಲದಿದ್ದರೆ 0 ಯನ್ನು ಕೊಡುತ್ತದೆ. ದೊಡ್ಡ, ಸಣ್ಣ ಅಕ್ಷರಗಳ ಭೇದ ಎರಡರಲ್ಲೂ ಇಲ್ಲ.

ಪ್ರಶ್ನಾರ್ಥಕ ಚಿಹ್ನೆಯೇ ನನ್ನನ್ನು ಹೆಚ್ಚು ಕಾಡಿದ್ದು: ‘ಊರು?’ ಎಂದು ಬರೆದರೆ ಚಿಹ್ನೆ ಪದಕ್ಕೇ ಅಂಟಿಕೊಂಡು, ಮ್ಯಾಚ್‌ಗೆ ಅದು ‘ಊರು’ ಆಗುತ್ತಿರಲಿಲ್ಲ. ಮಾದರಿಯಲ್ಲಿ ? ಎಂದರೆ ಯಾವುದಾದರೂ ಒಂದು ಅಕ್ಷರ. ನಿಜವಾದ ಚಿಹ್ನೆಯನ್ನೇ ಹುಡುಕಲು ಅದಕ್ಕೆ ಮೊದಲು \ ಇಟ್ಟೆ, ಆದರೂ ಫಲವಾಗಲಿಲ್ಲ. ಫಂಕ್ಷನ್‌ಗೆ ತಲುಪುವ ಮೊದಲೇ ಆಟದ ಪಾರ್ಸರ್ (ನಾವು ಬರೆದ ಸಾಲನ್ನು ಓದಿ ಬಿಡಿಸುವ ಭಾಗ) ಒಂದು \ ಅನ್ನು ನುಂಗಿಬಿಡುತ್ತದೆ ಎಂಬುದು ತಿಳಿದದ್ದು ಎರಡು ಸಂಜೆ ಕಳೆದ ಮೇಲೆ. ಆದ್ದರಿಂದ \\? ಎಂದೇ ಬರೆಯಬೇಕು. ಅಂಬಿಗನಿಗೆ ಮಾತ್ರ ನಾನು, ಎಡಿಟ್ ಫಂಕ್ಷನ್‌ನಿಂದ ಆಟಗಾರನ ಮಾತಿನ ? ಅನ್ನು ಮೊದಲೇ ತೆಗೆದು ಆಮೇಲೆ ಮ್ಯಾಚ್‌ಗೆ ಒಪ್ಪಿಸಿದೆ, ‘ಯಾವ ಊರು?’ ಎಂದು ಕೇಳಿದವರಿಗೂ ಈಗ ಸರಿಯಾದ ಉತ್ತರ ಬರುತ್ತಿದೆ.