ಐವತ್ತು ವರ್ಷದ ಆಟೋ ಮ್ಯಾಗ್‌ಗೆ ಮತ್ತೆ ಜೀವ ಬಂತು: ನನ್ನ ಅನುಭವ

ಕಳೆದ ತಿಂಗಳು ಫೀನಿಕ್ಸ್ ಊರಾಚೆ ಬೆನ್ ಏವರಿ ಶೂಟಿಂಗ್ ರೇಂಜ್‌ನಲ್ಲಿ ನನ್ನ .44 ಆಟೋ ಮ್ಯಾಗ್ ಪಿಸ್ತೂಲು ಒಂದೇ ಬೆಳಿಗ್ಗೆ 140 ತೋಟಾ ಹಾರಿಸಿತು. ಸಿಕ್ಕಿಕೊಂಡಿದ್ದು ಒಂದೇ ಸಲ. ಅದೂ ತೋಟಾ ತುಂಬುವ ಮ್ಯಾಗಜಿನ್ ಪೂರ್ತಿ ಒಳಗೆ ಕೂತಿರಲಿಲ್ಲ, ಅಷ್ಟೆ. ಎರಡೂವರೆ ವರ್ಷದಿಂದ ಎಲ್ಲರೂ ಹೇಳಿದ್ದು ಒಂದೇ ಮಾತು: "ಅದು ಗಾಜಿನ ಪೆಟ್ಟಿಗೇಲಿ ಇಡೋ ಸಾಮಾನು, ಹಾರಿಸೋಕಲ್ಲ." ಈಗ ಹಾರುತ್ತಿದೆ. ಹೇಗೆ ಅಂತ ಕೇಳುವವರು ಜಾಸ್ತಿ ಆಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ರೀಲೋಡಿಂಗ್ (ತೋಟಾ ತಾವೇ ತುಂಬಿಕೊಳ್ಳೋದು) ಪ್ರೆಸ್, ಡೈ, ಕ್ಯಾಲಿಪರ್ ಇವೆಲ್ಲ ಬಳಸಿ ಗೊತ್ತಿರುವವರಿಗಾಗಿ ಇದು. ಪೌಡರ್ ತೂಕ ಮಾತ್ರ ಇಲ್ಲಿ ಬರೆಯೋದಿಲ್ಲ. ನನ್ನ ಗನ್ನಿಗೆ ಹೊಂದಿದ್ದು ನಿಮ್ಮ ಗನ್ನಿಗೆ ಹೊಂದುತ್ತದೆ ಅಂತ ಏನೂ ಇಲ್ಲ. ರೀಲೋಡಿಂಗ್ ಮ್ಯಾನ್ಯುಯಲ್ ತೆಗೆದು ಅದರಲ್ಲಿರುವ ಅತಿ ಕಡಿಮೆ ಅಂಕಿಯಿಂದ ಶುರು ಮಾಡಿ.

ನಮ್ಮದು ಕೊಡಗಿನ ವಿರಾಜಪೇಟೆ ಕಡೆ. ಮನೆಯಲ್ಲಿ ತೋಕ್ (ಕೋವಿ) ಇಲ್ಲದ ದಿನವನ್ನು ನಾನು ನೋಡಿಲ್ಲ. ಕೊಡವರ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ತೋಕ್ ತೊಳೆದು, ತೋಕ್‌ಪೂ ಅನ್ನೋ ಹೂ ಸಿಕ್ಕಿಸಿ ಪೂಜೆ ಮಾಡುತ್ತಿದ್ದೆವು. ಆಮೇಲೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು. ಆದರೆ ಅದೆಲ್ಲ ಕೋವಿ. ಕೈಬಂದೂಕು ನಾನು ಮುಟ್ಟಿದ್ದೇ ಅಮೆರಿಕಕ್ಕೆ ಬಂದು, ಗ್ರೀನ್ ಕಾರ್ಡ್ ಸಿಕ್ಕ ಮೇಲೆ. ಆಟೋ ಮ್ಯಾಗ್ ಹುಚ್ಚು ಹಿಡಿದಿದ್ದು ಅದರ ರೂಪ ನೋಡಿ. ಪೂರ್ತಿ ಸ್ಟೇನ್‌ಲೆಸ್ ಸ್ಟೀಲು. ಆರೂವರೆ ಇಂಚಿನ ಬ್ಯಾರೆಲ್, ಅದರ ಮೇಲೆ ತೂತು ತೂತಿನ ಪಟ್ಟಿ. ತೂಕ ಒಂದೂವರೆ ಕಿಲೋ ಮೇಲೆ. ಒಳಗೆ ರೈಫಲ್ ತರಹ ತಿರುಗಿ ಲಾಕ್ ಆಗುವ ಬೋಲ್ಟ್, ಅಂದರೆ ತೋಟಾವನ್ನು ಒಳಗೆ ತಳ್ಳಿ ಹಿಂದಿನಿಂದ ಮುಚ್ಚುವ ಭಾಗ.

ಇದರ ಹಿನ್ನೆಲೆ ಗೊತ್ತಿದ್ದರೆ ರಿಪೇರಿ ಸುಲಭ. ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ ಹ್ಯಾರಿ ಸ್ಯಾನ್‌ಫರ್ಡ್ 1971ರಲ್ಲಿ ಇದನ್ನು ಮಾರುಕಟ್ಟೆಗೆ ತಂದ. ಬೆಲೆ 217 ಡಾಲರ್ ಚಿಲ್ಲರೆ. ಒಂದೊಂದು ಪಿಸ್ತೂಲು ಮಾಡೋ ಖರ್ಚು ಅದಕ್ಕಿಂತ ಎಷ್ಟೋ ಜಾಸ್ತಿ. 1972ರಲ್ಲೇ ಕಂಪನಿ ದಿವಾಳಿ. ಆಮೇಲೆ ಬೇರೆ ಬೇರೆ ಹೆಸರಲ್ಲಿ 1980ರ ದಶಕದ ಶುರುವಿನ ತನಕ ಎಳೆದುಕೊಂಡು ಹೋದರು. ತೋಟಾದ ಕಥೆಯೂ ಅಷ್ಟೇ. ಮೊದಲು ಕೊಂಡವರಿಗೆ ಅಂಗಡಿಯಲ್ಲಿ ತೋಟಾ ಸಿಗುತ್ತಿರಲಿಲ್ಲ. .308 ಅಥವಾ .30-06 ರೈಫಲ್ ತೋಟಾದ ಕೇಸ್ (ಹೊರಗಿನ ಲೋಹದ ಕೊಳವೆ) ಕತ್ತರಿಸಿ ತಾವೇ ಮಾಡಿಕೊಳ್ಳಬೇಕಿತ್ತು. ಒಬ್ಬೊಬ್ಬರು ಒಂದೊಂದು ತರಹ ಕತ್ತರಿಸಿದರು, ಒಂದೊಂದು ತರಹ ತುಂಬಿದರು. ಜಾಮ್ ಆದಾಗ ಬೈಸಿಕೊಂಡಿದ್ದು ಮಾತ್ರ ಪಿಸ್ತೂಲು. ಆ ಕೆಟ್ಟ ಹೆಸರು ಇವತ್ತಿಗೂ ಹೋಗಿಲ್ಲ. 2015ರಲ್ಲಿ ಸೌತ್ ಕ್ಯಾರೊಲಿನಾದ ಒಂದು ಹೊಸ ಕಂಪನಿ ಹಕ್ಕುಗಳನ್ನು ಕೊಂಡು ಮತ್ತೆ ಮಾಡೋಕೆ ಹೊರಟಿತು. ಗೆಳೆಯರೆಲ್ಲ "ಹೊಸದೇ ತಗೋ" ಅಂದರು. ನನಗೆ ಪ್ಯಾಸಡೀನಾ ಮುದ್ರೆ ಇರೋದೇ ಬೇಕಿತ್ತು.

ಸಿಕ್ಕಿತು. ಬೇರೆ ರಾಜ್ಯದಲ್ಲಿ ತೀರಿಕೊಂಡ ಒಬ್ಬ ಹಿರಿಯರ ಸಾಮಾನಿನ ಜೊತೆ ಮಾರಾಟಕ್ಕೆ ಬಂದಿತ್ತು. ಸುಮಾರು 2,600 ಡಾಲರ್. ಇಲ್ಲಿನ ಲೈಸೆನ್ಸ್ ಇರುವ ಡೀಲರ್ ಮೂಲಕ ತರಿಸಿ, ಫಾರಂ ತುಂಬಿ, ಹಿನ್ನೆಲೆ ಚೆಕ್ ಮುಗಿಸಿ ಕೈಗೆ ಬರುವಾಗ ಇನ್ನೊಂದು 40 ಡಾಲರ್. ಜೊತೆಗೆ ಒಂದೇ ಮ್ಯಾಗಜಿನ್, ತುಕ್ಕಿನ ಡಬ್ಬದಲ್ಲಿ ಹಳೇ 11 ತೋಟಾ. ಆ ಹಳೇ ತೋಟಾ ನಾನು ಹಾರಿಸಲಿಲ್ಲ. ಯಾರು, ಏನು ತುಂಬಿದ್ದರೋ ಗೊತ್ತಿಲ್ಲದ್ದನ್ನು ಯಾವತ್ತೂ ಹಾರಿಸಬೇಡಿ.

ಮೊದಲು ಕಂಡಿದ್ದು ಫ್ರೇಮ್ (ಪಿಸ್ತೂಲಿನ ಚೌಕಟ್ಟು) ಹಳಿಗಳ ಮೇಲಿನ ಗೀರು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್ ಹಿಡಿದು ನೋಡಿದರೆ ಗೀರು ಅಲ್ಲ, ಲೋಹ ಹರಿದು ಎಳೆದ ಹಾಗಿತ್ತು. ಬೆಣ್ಣೆ ಮೇಲೆ ಫೋರ್ಕ್ ಎಳೆದರೆ ಹೇಗಿರುತ್ತದೋ ಹಾಗೆ. ಸ್ಟೇನ್‌ಲೆಸ್ ಮೇಲೆ ಸ್ಟೇನ್‌ಲೆಸ್ ಉಜ್ಜಿದರೆ ಆಗೋದೇ ಇದು, ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ. ಆ ಕಾಲದವರು ತೆಳು ಎಣ್ಣೆ ಹಾಕಿ ಓಡಿಸಿದ್ದರು. ನಾನು ಗಟ್ಟಿ ಸಾಣೆಕಲ್ಲಿನಲ್ಲಿ ಎದ್ದು ನಿಂತ ಅಂಚುಗಳನ್ನಷ್ಟೇ ಕೂರಿಸಿದೆ. ಮೂರು ಸಂಜೆ ಹಿಡಿಯಿತು. ಅರ ಮುಟ್ಟಲೇ ಇಲ್ಲ. ತೆಗೆದ ಲೋಹ ಮತ್ತೆ ಹಾಕೋಕೆ ಆಗಲ್ಲ ಅಲ್ವಾ? ಆಮೇಲೆ ಗ್ರೀಸ್. ಗನ್ನಿಗಂತಲೇ ಮಾರುವ ದುಬಾರಿ ಡಬ್ಬಿಗಳು ಎರಡು ಮೂರು ಪ್ರಯತ್ನಿಸಿದೆ. ಕೊನೆಗೆ ನಿಂತಿದ್ದು ಕಾರಿನ ಆಕ್ಸಲ್ ಜಾಯಿಂಟಿಗೆ ಹಾಕುವ ಕಪ್ಪು ಮಾಲಿ (ಮಾಲಿಬ್ಡಿನಮ್ ಬೆರೆಸಿದ) ಗ್ರೀಸ್. ಒಂದು ಟ್ಯೂಬ್ 8 ಡಾಲರ್, ಇನ್ನೂ ಮುಗಿದಿಲ್ಲ. ಕೈ ಕಪ್ಪಾಗುತ್ತದೆ, ಪರವಾಗಿಲ್ಲ.

ಈಗ ತೋಟಾ. ರೆಡಿ ಕೇಸ್ ಸಿಕ್ಕಾಗ ಸಿಗುತ್ತದೆ, ಇಲ್ಲದಾಗ ತಿಂಗಳುಗಟ್ಟಲೆ ಇಲ್ಲ. ಹಾಗಾಗಿ ನಾನು .308 ಕತ್ತರಿಸಿದೆ. 51 ಮಿ.ಮೀ. ಕೇಸ್‌ನಲ್ಲಿ ಉಳಿಯೋದು 33 ಮಿ.ಮೀ. ಬುಡದ ಹತ್ತಿರ ಗೋಡೆ ದಪ್ಪ, ಆದ್ದರಿಂದ ಬಾಯಿ ಒಳಗೆ ರೀಮರ್ (ಒಳಗಿನಿಂದ ಹೆರೆಯುವ ಸಲಕರಣೆ) ಹಾಕಿ ತೆಳು ಮಾಡಬೇಕು. ಇಲ್ಲದಿದ್ದರೆ ಗುಂಡು ಕೂರಿಸಿದಾಗ ಹೊಟ್ಟೆ ಉಬ್ಬುತ್ತದೆ.

ನಾನು ಎಡವಿದ್ದು ಇಲ್ಲೇ. ದುಡ್ಡು ಉಳಿಸೋಕೆ ಮಿಲಿಟರಿಯ ಹಳೇ 7.62 ಕೇಸ್ (.308ರದ್ದೇ ಸೇನಾ ರೂಪ) ಒಂದು ಚೀಲ ತಂದೆ. ಐನೂರು ಇತ್ತು ಅಂತ ನೆನಪು. ಗೋಡೆ ಇನ್ನೂ ದಪ್ಪ, ರೀಮರ್ ಬಿಸಿಯಾಗಿ ಮೊಂಡಾಯಿತು. ಅದಕ್ಕಿಂತ ಕೆಟ್ಟದ್ದು ಬುಡ. ಮಷಿನ್‌ಗನ್‌ನಲ್ಲಿ ಹಾರಿ ಬುಡ ಉಬ್ಬಿದ ಕೇಸ್‌ಗಳು ಅವು. ಕೇಸ್ ಒತ್ತಿ ಅಳತೆಗೆ ತರುವ ಸೈಜಿಂಗ್ ಡೈ ಅಷ್ಟು ಕೆಳಗೆ ಮುಟ್ಟುವುದೇ ಇಲ್ಲ. ತೋಟಾ ಚೇಂಬರ್ (ಬ್ಯಾರೆಲ್ ಹಿಂಬದಿಯಲ್ಲಿ ತೋಟಾ ಕೂರುವ ಜಾಗ) ಒಳಗೆ ಮುಕ್ಕಾಲು ಹೋಗಿ ನಿಂತುಬಿಡುತ್ತಿತ್ತು. ಬೋಲ್ಟ್ ತಿರುಗಿ ಲಾಕ್ ಆಗುತ್ತಿರಲಿಲ್ಲ. ಮೊದಲ ಇನ್ನೂರು ಕಸಕ್ಕೆ ಹೋಯಿತು, ಉಳಿದದ್ದು ಗುಜರಿಗೆ ಕೊಟ್ಟೆ. ಆಮೇಲೆ ಒಂದೇ ಕಂಪನಿಯ, ಒಂದೇ ಸಲ ಹಾರಿದ .308 ಕೇಸ್ ತಂದೆ. ಬುಡ ಸರಿಮಾಡೋಕೆ ಒಂದು ಉಂಗುರ ಮಾಡಿಕೊಂಡಿದ್ದೇನೆ. ಅದರ ಅಳತೆ ನನ್ನ ಹತ್ತಿರವೇ ಇರಲಿ. ನಾಲ್ಕು ತಿಂಗಳು ಹಿಡಿದ ಕೆಲಸ ಅದು.

ಇಷ್ಟೆಲ್ಲ ಆದರೂ ಮೂರನೇ ನಾಲ್ಕನೇ ತೋಟಾಕ್ಕೆ ಜಾಮ್. ಸಹನೆ ಕಳೆದುಹೋಗಿ ಒಂದು ವರ್ಕ್‌ಶಾಪಿಗೆ ಕೊಟ್ಟೆ. ಐದು ತಿಂಗಳು ಇಟ್ಟುಕೊಂಡರು, 350 ಡಾಲರ್ ತಗೊಂಡರು. ಹೆಚ್ಚು ಬಿಗಿ ರಿಕಾಯಿಲ್ ಸ್ಪ್ರಿಂಗ್ (ಹಿಂದೆ ಹೋದ ಬೋಲ್ಟನ್ನು ಮುಂದೆ ತಳ್ಳುವ ಸ್ಪ್ರಿಂಗ್) ಜೋಡಿ ಹಾಕಿ ವಾಪಸ್ ಕೊಟ್ಟರು. ತಂದು ಹಾರಿಸಿದರೆ ಮೊದಲಿಗಿಂತ ಕೆಟ್ಟದಾಗಿತ್ತು. ಎರಡನೇ ತೋಟಾಕ್ಕೇ ನಿಲ್ಲುತ್ತಿತ್ತು. ಆ ದಿನ ಪಕ್ಕದ ಬೆಂಚಿನ ಹಿರಿಯರೊಬ್ಬರು, ನಲವತ್ತು ವರ್ಷದಿಂದ ರೇಂಜ್‌ಗೆ ಬರುವವರು, "ಇದನ್ನ ಯಾರೂ ಗೆದ್ದಿಲ್ಲ ಕಣಪ್ಪಾ" ಅನ್ನೋ ಅರ್ಥದಲ್ಲಿ ತಲೆಯಾಡಿಸಿದರು. ವಿರಾಜಪೇಟೆಯಿಂದ ಚಿಕ್ಕಪ್ಪ ಫೋನಲ್ಲಿ ಬೇರೆ: "ಮಾರಾಯ, ನಮ್ಮ ಒಂಟಿ ನಳಿಗೆ ಕೋವಿ ಐವತ್ತು ವರ್ಷದಿಂದ ಒಂದು ಸಲವೂ ಸಿಕ್ಕಿಕೊಂಡಿಲ್ಲ. ನೀನು ಲಕ್ಷ ಲಕ್ಷ ಸುರಿದು ತಲೆನೋವು ತಗೊಂಡಿದ್ದಿ."

ತಿರುವು ಬಂದಿದ್ದು ಜಾಮ್ ಆದ ತೋಟಾ ನೋಡಿದಾಗ. ಅಲ್ಲಿಯ ತನಕ ಕಿತ್ತು ಬಿಸಾಡುತ್ತಿದ್ದೆ. ಆ ದಿನ ಏಳೆಂಟು ಮನೆಗೆ ತಂದು ದೀಪದ ಕೆಳಗೆ ಉರುಳಿಸಿದೆ. ಎಲ್ಲದರ ಮೈಮೇಲೆ, ಬುಡದಿಂದ ಒಂದು ಸೆಂಟಿಮೀಟರ್ ಮುಂದೆ, ಉಗುರಿನ ತುದಿಯಷ್ಟು ಹೊಳೆಯುವ ತಗ್ಗು. ಒಂದೇ ಜಾಗ, ಒಂದೇ ಆಕಾರ. ಬೋಲ್ಟ್ ತೋಟಾದ ಬುಡವನ್ನು ಹಿಂದಿನಿಂದ ತಳ್ಳಬೇಕು. ಅದರ ಬದಲು ಮೈಮೇಲೆ ಹತ್ತಿ ಕುಕ್ಕುತ್ತಿತ್ತು. ಅಂದರೆ ಬೋಲ್ಟ್ ವಾಪಸ್ ಬರುವಷ್ಟರಲ್ಲಿ ತೋಟಾ ಇನ್ನೂ ಮೇಲೆ ಎದ್ದಿರಲಿಲ್ಲ.

ಖಾತ್ರಿ ಮಾಡಿಕೊಳ್ಳೋಕೆ ಮಗಳ ಫೋನಿನಲ್ಲಿ ಸ್ಲೋ ಮೋಷನ್ ತೆಗೆದೆ, ಸೆಕೆಂಡಿಗೆ 240 ಫ್ರೇಮ್. ಬೋಲ್ಟ್ ಹೋಗಿ ಬರೋದು ಹತ್ತು ಫ್ರೇಮಿನ ಒಳಗೇ ಮುಗಿಯುತ್ತದೆ. ಅರ್ಧ ಹೊಗೆ. ಆದರೂ ಒಂದು ಫ್ರೇಮ್‌ನಲ್ಲಿ ಸ್ಪಷ್ಟವಾಗಿ ಕಂಡಿತು: ಬೋಲ್ಟ್ ಮುಂದೆ ಬಂದಾಗಿದೆ, ತೋಟಾದ ಬುಡ ಇನ್ನೂ ಕೆಳಗಿದೆ.

ಈಗ ವರ್ಕ್‌ಶಾಪಿನವರ ಬಿಗಿ ಸ್ಪ್ರಿಂಗ್ ಯಾಕೆ ಕೆಡಿಸಿತು ಅಂತ ಅರ್ಥವಾಯಿತು. ಸ್ಪ್ರಿಂಗ್ ಬಿಗಿಯಾದಷ್ಟೂ ಬೋಲ್ಟ್ ಜೋರಾಗಿ ವಾಪಸ್ ಬರುತ್ತದೆ. ತೋಟಾಕ್ಕೆ ಸಿಗುವ ಸಮಯ ಇನ್ನೂ ಕಡಿಮೆ. ಸರಿ, ಹಾಗಾದರೆ ಸಡಿಲ ಮಾಡೋಣ ಅಂತ ನಾನೂ ಒಂದು ತಪ್ಪು ಮಾಡಿದೆ. ತೆಳು ಸ್ಪ್ರಿಂಗ್ ಹಾಕಿ ಮೂವತ್ತು ತೋಟಾ ಹಾರಿಸಿದೆ. ಜಾಮ್ ಕಡಿಮೆಯಾಯಿತು. ಆದರೆ ಬಿಚ್ಚಿ ನೋಡಿದರೆ ಫ್ರೇಮ್ ಹಿಂಭಾಗದಲ್ಲಿ ಬೋಲ್ಟ್ ಬಡಿದ ಹೊಸ ಗುರುತು. ಎದೆ ಧಸಕ್ ಅಂತು. ಅದೇ ಸಂಜೆ ತೆಗೆದೆ. ಈ ಪಿಸ್ತೂಲಿನ ಫ್ರೇಮ್ ಒಡೆದರೆ ಬೇರೆ ಎಲ್ಲಿ ತರೋದು?

ರಿಕಾಯಿಲ್ ಸ್ಪ್ರಿಂಗ್ ಮೊದಲಿನ ಬಿಗಿಗೇ ತಂದೆ. ಕೈ ಹಾಕಬೇಕಿದ್ದುದು ಮ್ಯಾಗಜಿನ್‌ಗೆ. ಐವತ್ತು ವರ್ಷದ ಸ್ಪ್ರಿಂಗ್ ಅದು. ಯಾರೋ ಏಳು ತೋಟಾ ತುಂಬಿ ವರ್ಷಗಟ್ಟಲೆ ಹಾಗೇ ಇಟ್ಟಿದ್ದಿರಬೇಕು. ಹೊರಗೆ ತೆಗೆದರೆ ಸುಸ್ತಾದ ಹಾವಿನ ಹಾಗೆ ಬಿದ್ದುಕೊಂಡಿತ್ತು. ಬದಲಿಗೆ ಬೇರೊಂದು ಗನ್ನಿನ ಮ್ಯಾಗಜಿನ್ ಸ್ಪ್ರಿಂಗ್ ತಂದು ಎರಡು ಸುತ್ತು ಕತ್ತರಿಸಿ ಕೂರಿಸಿದೆ. ಯಾವ ಗನ್ನಿನದು ಅಂತ ಹೇಳೋದಿಲ್ಲ. ಹೇಳಿದರೆ ನಾಳೆ ಅದರ ಬೆಲೆಯೂ ಏರುತ್ತದೆ. ಆರು ಬಗೆ ಪ್ರಯತ್ನಿಸಿದ ಮೇಲೆ ಸಿಕ್ಕಿದ್ದು. ಗುರುತು ಇಷ್ಟೇ: ಏಳನೇ ತೋಟಾ ತುಂಬುವಾಗ ಹೆಬ್ಬೆರಳು ನೋಯಬೇಕು. ನೋಯದಿದ್ದರೆ ಸಾಲದು. ಜೊತೆಗೆ ತೋಟಾ ಎತ್ತುವ ಫಾಲೋವರ್‌ನ ಪಕ್ಕಗಳನ್ನು ಹೊಳೆಯುವ ತನಕ ಉಜ್ಜಿದೆ, ಮ್ಯಾಗಜಿನ್ ಒಳಗೋಡೆಯನ್ನೂ. ಮ್ಯಾಗಜಿನ್ ಒಳಗೆ ಮಾತ್ರ ಗ್ರೀಸ್ ಬೇಡ, ಧೂಳು ಹಿಡಿಯುತ್ತದೆ.

ಹಿಡಿತದ ಬಗ್ಗೆಯೂ ಒಂದು ಮಾತು. ಭಾರ ಜಾಸ್ತಿ ಅಂತ ಮಣಿಕಟ್ಟು ಸಡಿಲ ಬಿಟ್ಟರೆ ಇದು ಕೆಲಸ ಮಾಡೋದಿಲ್ಲ. ಪಿಸ್ತೂಲೇ ಹಿಂದಕ್ಕೆ ಹೋದರೆ ಬೋಲ್ಟ್‌ಗೆ ಪೂರ್ತಿ ಹಿಂದೆ ಹೋಗುವ ಶಕ್ತಿ ಉಳಿಯಲ್ಲ. ನನ್ನ ಗೆಳೆಯನ ಕೈಯಲ್ಲಿ ಜಾಮ್, ನನ್ನ ಕೈಯಲ್ಲಿ ಇಲ್ಲ. ಅದೇ ತೋಟಾ, ಅದೇ ಮ್ಯಾಗಜಿನ್.

ನಡುವೆ ಕೆಲವು ಬೇರೆ ಪ್ರಯೋಗ ಮಾಡಿದ್ದೂ ಉಂಟು. .243 ಕೇಸ್ ಕತ್ತರಿಸಿ ನೋಡಿದೆ. ಬುಡ .308ದೇ, ಕೆಲಸ ಆಗುತ್ತದೆ, ಆದರೆ ಲಾಭ ಏನೂ ಇಲ್ಲ. 200 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡಿಗಿಂತ 240 ಗ್ರೇನ್ ನನ್ನ ಗನ್ನಿಗೆ ಇಷ್ಟ. ಹಗುರ ಗುಂಡಿನಲ್ಲಿ ಬೋಲ್ಟ್ ಓಟ ಒಂದೊಂದು ಸಲ ಒಂದೊಂದು ತರಹ ಇತ್ತು. ಸೀಸದ ಗುಂಡು ನಾನೇ ಎರಕ ಹೊಯ್ದು ನೋಡಿದೆ, ಬ್ಯಾರೆಲ್‌ನಲ್ಲಿ ಸೀಸ ಅಂಟಿಕೊಂಡು ಉಜ್ಜುವಷ್ಟರಲ್ಲಿ ಭಾನುವಾರ ಮುಗಿದಿತ್ತು. ಇನ್ನು ತಾಮ್ರದ ಹೊದಿಕೆಯದೇ.

ದುಡ್ಡಿನ ಲೆಕ್ಕ ಕೇಳುತ್ತೀರಿ. ಪಿಸ್ತೂಲು 2,600, ವರ್ಕ್‌ಶಾಪ್ 350, ಇನ್ನೆರಡು ಹಳೇ ಮ್ಯಾಗಜಿನ್‌ಗೆ ಮುನ್ನೂರರ ಮೇಲೆ, ಡೈ ಮತ್ತು ಎರಡು ರೀಮರ್ 240, ಸ್ಪ್ರಿಂಗ್‌ಗಳೆಲ್ಲ ಸೇರಿ 130. ಕೇಸ್, ಗುಂಡು, ಪೌಡರ್ ಬರೆದಿಟ್ಟಿಲ್ಲ. ಒಟ್ಟು ನಾಲ್ಕು ಸಾವಿರ ದಾಟಿದೆ. ಜಾಮ್ ಸರಿಮಾಡಿದ ಸ್ಪ್ರಿಂಗ್‌ನ ಬೆಲೆ ಅದರಲ್ಲಿ 9 ಡಾಲರ್.

ಸೆಪ್ಟೆಂಬರ್‌ನಲ್ಲಿ ಕೈಲ್‌ಪೊಳ್ದ್‌ಗೆ ಇಲ್ಲೇ ಪೂಜೆಗಿಟ್ಟೆ. ತೋಕ್‌ಪೂ ಅರಿಜೋನಾದಲ್ಲಿ ಎಲ್ಲಿ ಸಿಗುತ್ತದೆ, ಚೆಂಡುಹೂವು ಇಟ್ಟೆ. ಚಿಕ್ಕಪ್ಪನಿಗೆ ವಿಡಿಯೋ ಕಳಿಸಿದೆ, ಏಳಕ್ಕೆ ಏಳು ಹಾರಿದ್ದು. "ಶಬ್ದ ಚೆನ್ನಾಗಿದೆ" ಅಂದರು. ಅವರ ಬಾಯಲ್ಲಿ ಅಷ್ಟು ಬಂದರೆ ದೊಡ್ಡದು.

ಆ 140 ತೋಟಾದ ಬೆಳಿಗ್ಗೆ ಅದೇ ಹಿರಿಯರು ಪಕ್ಕದ ಬೆಂಚಿನಲ್ಲೇ ಇದ್ದರು. ಮೂರನೇ ಮ್ಯಾಗಜಿನ್ ಆದಾಗ ತಮ್ಮದು ನಿಲ್ಲಿಸಿ ನೋಡೋಕೆ ಶುರು ಮಾಡಿದರು. ಹತ್ತನೆಯದು ಮುಗಿದಾಗ ಎದ್ದು ಬಂದು ನೆಲದಿಂದ ಒಂದು ಖಾಲಿ ಕೇಸ್ ಎತ್ತಿಕೊಂಡರು. ಕನ್ನಡಕ ಮೇಲೆ ಸರಿಸಿ, ಬಿಸಿಲಿಗೆ ಹಿಡಿದು ಬೆರಳಲ್ಲಿ ತಿರುಗಿಸಿದರು. ಆ ತಗ್ಗು ಹುಡುಕುತ್ತಿದ್ದಾರೆ ಅಂತ ಗೊತ್ತಾಯಿತು, ಹಿಂದೊಮ್ಮೆ ನಾನೇ ತೋರಿಸಿದ್ದೆ. ಏನೂ ಇರಲಿಲ್ಲ. ಮನೆಗೆ ಬಂದು ಕೇಸ್ ಎಣಿಸಿದರೆ 139. ಇನ್ನೊಂದು ಅವರ ಜೇಬಿನಲ್ಲಿದೆ.